ಅಮಾಸಿ ದಿನದ ಟೈಮ್‌ಟೇಬಲ್

ಮೊದಲಿಗೇ ಹೇಳಿಬಿಡ್ತೀನಿ, ನಾ ಇಲ್ಲಿ ತನ ಸಮುದ್ರ ನೋಡಿಲ್ಲ. ಈ ಒಂದು ಮಾತು ಹೋದ ವರ್ಷನೇ ಮನ್ಯಾಗ ಹೇಳಿದ್ದಿದ್ರ ನಮ್ಮವ್ವ ಆ ಅಮಾಸಿ ದಿನ ನೀರಿನ ನಡುವ ನಿಲ್ತಿದ್ದಿಲ್ಲ.

ಹೋದ ವರ್ಷ ಡಿಸೆಂಬರ್‌ದಾಗ ನಮ್ಮ ಕಾಲೇಜಿನವರು ಕೋಡಿಬಂದರಕ್ಕ ಟೂರ್ ಇಟ್ಟಿದ್ರು. ಭಟ್ಕಳದ ಈಚಿಗಿ ಇರೋ ಹಳೇ ಊರು, ಮೀನುಗಾರರದ್ದು. ಅಲ್ಲಿ ಹಳೇ ಕಿಲ್ಲೆ ಅದ, ದೀಪಸ್ತಂಭ ಅದ, ದಂಡೀಲಿಂದ ಸ್ವಲ್ಪ ದೂರ ಸಮುದ್ರದಾಗೇ ಒಂದು ಬಂಡೆ ಮ್ಯಾಲ ಈಶ್ವರನ ಗುಡಿ ಅದ. ಅಪ್ಪ ಒಂದು ವಾರ ಬ್ಯಾಡ ಬ್ಯಾಡ ಅಂದು ಕಡೀಕ ಹೂಂ ಅಂದಿದ್ದ. ಅದೇ ಮೂರು ದಿನ ಹೈದರಾಬಾದಿನಾಗ ತೂಬಾನ ಅಕ್ಕನ ಮದುವಿ ಬಂತು. ತೂಬಾ ಅಂದ್ರ ನನ್ನ ಕ್ಲಾಸಿನಾಕಿ, ಕಲಬುರಗಿಯಾಕಿ, ಬಿ.ಕಾಂ. ಸೇರಿದ ಮೊದಲನೇ ದಿನದಿಂದ ನಾವಿಬ್ಬರೂ ಒಂದೇ ಬೆಂಚು. ಹೈದರಾಬಾದಿಗಿ ಮದುವಿಗಿ ಹೋಗ್ತೀನಿ ಅಂದ್ರ ಅಪ್ಪ ಬಿಲ್ಕುಲ್ ಬಿಡ್ತಿದ್ದಿಲ್ಲ. ಟೂರಿಗಿ ಬಿಟ್ಟಿದ್ದ. ಹಿಂಗಾಗಿ ನಾ ಟೂರಿನ ಬ್ಯಾಗ್ ಹಿಡ್ಕೊಂಡು ಮದುವಿಗಿ ಹೋದೆ. ಎರಡೂ ಕೈತುಂಬ ಮೆಹಂದಿ, ಮೂರು ದಿನ ಕುಣಿದಾಟ, ಖುಬಾನಿ ಕಾ ಮೀಠಾ ನಾಕು ಬಟ್ಟಲ ತಿಂದೆ. ಬರೋವಾಗ ಚಾರ್ಮಿನಾರ್ ಬಾಜೂಕ ಒಂದು ಶಂಖ ಕಂಡಿತು, ತಗೊಂಡೆ. ಮೆಹಂದಿ ಬಗ್ಗೆ ಕೇಳಿದ್ರ ಟೂರಿನ ಬಸ್ಸಿನಾಗ ಹುಡುಗೀರು ಹಚ್ಚಿದ್ರು ಅಂತ ಹೇಳ್ದೆ.

ಶಂಖ ನೋಡಿ ಅವ್ವ ಹುಚ್ಚಿಯಾದಳು. ನಮ್ಮವ್ವ ಜಯದೇವಿ, ನಲವತ್ತಾರು ವರ್ಷ, ನಮ್ಮೂರು ಕಮಲಾಪುರ ಬಿಟ್ರ ಕಲಬುರಗಿ, ಕಲಬುರಗಿ ಬಿಟ್ರ ಒಂದು ಸಲ ಶ್ರೀಶೈಲ, ಅಷ್ಟೇ ನೋಡ್ಯಾಳ. ನಾ ಹಾಸ್ಟೆಲಿನಿಂದ ಊರಿಗಿ ಬಂದಾಗೆಲ್ಲ ರಾತ್ರಿ ರೊಟ್ಟಿ ಬಡಿಯೋವಾಗ ಕೇಳಾಕಿ, ಶೀಲಾ, ಸಮುದ್ರ ಹ್ಯಾಂಗಿರ್ತದ, ಹೇಳು. ನಾ ಫೋನಿನಾಗ ರೀಲ್ಸ್ ನೋಡಿದ್ದು ಹೇಳಾಕಿ. ಹೇಳ್ತಾ ಹೇಳ್ತಾ ನಂಗೂ ಮಜಾ ಬರ್ತಿತ್ತು. "ಆ ಗುಡಿಗಿ ನಡ್ಕೊಂಡೇ ಹೋಗಬಹುದವ್ವ. ನೀರು ಬಾಜೂಕ ಸರದು ಉಸುಕಿನ ದಾರಿ ಬಿಡ್ತದ. ಬರೋವಾಗ ಮೊಣಕಾಲ ತನ ನೀರು ಬಂದಿತ್ತು, ಎಲ್ಲರೂ ಕೈ ಕೈ ಹಿಡ್ಕೊಂಡು ನಕ್ಕೋತ ಬಂದ್ವಿ." ರೀಲ್ಸಿನಾಗ ದಾರಿ ಅಷ್ಟೇ ಇತ್ತು. ಮೊಣಕಾಲ ನೀರು, ನಗು, ಕೈ ಹಿಡ್ಕೊಂಡಿದ್ದು, ಅದೆಲ್ಲ ನಾ ಮಸಾಲಿ ಹಾಕಿದ್ದು.

ಈ ವರ್ಷ ಅವ್ವ ತಾನೇ ಹೋಗ್ತೀನಿ ಅಂದಳು. ಹೆಣ್ಮಕ್ಕಳಿಗಿ ಬಸ್ ಫ್ರೀ ಅದ, ಆಧಾರ್ ಕಾರ್ಡ್ ಇದ್ರ ಸಾಕು. ಜೋಡಿಗಿ ಬಾಜೂ ಮನಿ ಸಕ್ಕೂಬಾಯಿ. ನಾ ಅವರಿಗೆ ಕಾಕು ಅಂತೀನಿ. ಅರವತ್ತು ದಾಟ್ಯಾವ, ಮೊಣಕಾಲ ನೋವು, ಬಾಯಿ ಮಾತ್ರ ಇಪ್ಪತ್ತರದ್ದು. ಮನ್ಯಾಗ ಮರಾಠಿ, ಓಣ್ಯಾಗ ಕನ್ನಡ, ಜಗಳಕ್ಕ ಎರಡೂ.

ದಿನ ಆರಿಸಿದ್ದು ಅವ್ವ. ಅಮಾಸಿ. ಪ್ರತಿ ಅಮಾಸಿಗೂ ಅಕಿ ಉಪವಾಸ ಇದ್ದು ಈಶ್ವರನ ಗುಡಿಗಿ ಹೋಗ್ತಾಳ, ಗುಡ್ಯಾಗ ಕೂತು ಒಂದು ತಾಸು ಲಿಂಗಪೂಜಿ ಮಾಡ್ತಾಳ. ಈ ಸಲ ಅಮಾಸಿ ಪೂಜಿ ಸಮುದ್ರದ ಗುಡ್ಯಾಗೇ ಆಗ್ಲಿ ಅಂದಳು. ನಂಗೂ ಚಲೋ ಅನಿಸಿತು. ನಮ್ಮ ಕಡಿ ಕೆರಿ ನೀರು ಅಮಾಸಿ ನೋಡಿ ಏರಂಗಿಲ್ಲ. ಮಳಿ ಬಂದ್ರ ಏರ್ತದ, ಬಿಸಲು ಬಿದ್ರ ಇಳೀತದ. ಸಮುದ್ರದ್ದು ಬ್ಯಾರೆ ಲೆಕ್ಕ ಅನ್ನೋದು ಅಪ್ಪಗೂ ಗೊತ್ತಿದ್ದಿಲ್ಲ, ಓಣ್ಯಾಗ ಯಾರಿಗೂ ಗೊತ್ತಿದ್ದಿಲ್ಲ.

"ನೀ ನೋಡಿ ಬಂದಾಕಿ, ಯಾವಾಗ ಎಲ್ಲಿಗೆ ಹೋಗ್ಬೇಕು ಬರ್ದು ಕೊಡು," ಅಂದಳು ಅವ್ವ.

ಬರ್ದು ಕೊಟ್ಟೆ. ಬಿಳೀ ಹಾಳಿ ಮ್ಯಾಲ, ಮೂರು ಬಣ್ಣದ ಸ್ಕೆಚ್ ಪೆನ್ನಿನಾಗ. ಆರಕ್ಕ ಬಂದರ, ಮೀನಿನ ದೋಣಿ ಬರೋದು ನೋಡೋದು. ಏಳಕ್ಕ ಬಂಡೆ ಈಶ್ವರ. ಒಂಬತ್ತಕ್ಕ ಕಿಲ್ಲೆ. ಹನ್ನೊಂದಕ್ಕ ದೀಪಸ್ತಂಭ. ಹಳೇ ಬಜಾರ, ದೋಣಿ ಕಟ್ಟೋ ಜಾಗ, ಸಂಜೀಕ ದಂಡಿ. ಎಲ್ಲಾ ಅಂದಾಜಿನ ಮ್ಯಾಲ. ಬಿಸಲು ಏರೋದ್ರಾಗ ಗುಡಿ ಮುಗೀಲಿ, ಅಷ್ಟೇ ನನ್ನ ತಲ್ಯಾಗ ಇದ್ದದ್ದು.

ಅವ್ವನ ಬಗ್ಗೆ ಒಂದು ಮಾತು ಹೇಳ್ಬೇಕು. ಬಸ್ಸು ಎಂಟಕ್ಕ ಅಂದ್ರ ಅಕಿ ಏಳೂಕಾಲಿಗೇ ಸ್ಟ್ಯಾಂಡಿನಾಗ ಇರ್ತಾಳ. ಡಾಕ್ಟರ್ ಚೀಟ್ಯಾಗ ಊಟ ಆಗಿ ಅರ್ಧ ತಾಸಿಗಿ ಗುಳಗಿ ಅಂತ ಇದ್ರ ಗಡಿಯಾರದ ಮುಂದ ಕೂತು ನುಂಗ್ತಾಳ. ಕಾಗದದ ಮ್ಯಾಲ ಬರ್ದದ್ದು ಅಕಿ ಮೀರಂಗಿಲ್ಲ.

ಅವರು ಹೋದ ಮ್ಯಾಲ ಅಪ್ಪಗ ಅಡಿಗಿ ಮಾಡಾಕ ಅಂತ ನಾ ಕಲಬುರಗಿ ಹಾಸ್ಟೆಲಿನಿಂದ ಕಮಲಾಪುರಕ್ಕ ಬಂದಿದ್ದೆ. ಅಮಾಸಿ ದಿನ ಮುಂಜಾನಿ ಆರೂವರಿಗಿ ಅವ್ವಂದು ಮೊದಲನೇ ಫೋಟೋ ಬಂತು. ಬಂದರದಾಗ ಬುಟ್ಟಿ ಬುಟ್ಟಿ ಮೀನು, ಹಿಂದ ಬಣ್ಣ ಬಣ್ಣದ ದೋಣಿ, ಮುಂದ ಸೆರಗಿನಿಂದ ಮೂಗು ಮುಚ್ಚಿಕೊಂಡು ನಮ್ಮವ್ವ. ಅದರ ಬೆನ್ನಿಗೇ ಅವ್ವನ ಫೋನಿನಿಂದಲೇ ಸಕ್ಕು ಕಾಕೂನ ವಾಯ್ಸ್ ಮೆಸೇಜು.

"ಶೀಲಾ, ನಿಮ್ಮವ್ವ ಮೂಗು ಮುಚ್ಚಿಕೊಂಡು ಮೀನಿನ ರೇಟು ಕೇಳಾಕತ್ತಾಳ. ಅವರು ಹೇಳಿದ್ರ ಭಾಳ ಆತು ಅಂತ ಚೌಕಾಶಿ ಬ್ಯಾರೆ. ಮೀನುಗಾರ್ತಿ ಕಡಿಮಿ ಮಾಡಿ ಕೊಟ್ಟೇಬಿಟ್ಟಿದ್ಳು, ಓಡಿ ಬಂದ್ವಿ."

ನಕ್ಕು ನಕ್ಕು ತೂಬಾಗ ಕಳಿಸ್ದೆ. ಏಳೂ ಹತ್ತಕ್ಕ ಇನ್ನೊಂದು ಫೋಟೋ. ಉಸುಕಿನ ದಾರಿ, ಎರಡೂ ಬಾಜೂಕ ನೀರು, ದೂರ ಕರೀ ಬಂಡೆ ಮ್ಯಾಲ ಸಣ್ಣ ಗುಡಿ. ದಾರಿ ಅಲ್ಲಲ್ಲಿ ಒದ್ದಿ ಇತ್ತು. ಸಕ್ಕು ಕಾಕು ಚಪ್ಪಲಿ ಕೈಯಾಗ ಹಿಡ್ಕೊಂಡು ನಡ್ಯಾಕತ್ತಿದ್ರು. ಅವ್ವನ ದನಿ ಬಂತು. "ಶೀಲಾ, ನೀ ಹೇಳಿದಂಗೇ ಅದ ನೋಡು. ನೀರು ಬಾಜೂಕ ಸರದು ನಿಂತದ. ಈಗ ಪೂಜಾಕ ಕೂಡ್ತೀನಿ, ಫೋನ್ ಬಂದ್ ಇಡ್ತೀನಿ. ಒಂಬತ್ತಕ್ಕ ಕಿಲ್ಲೆ, ನೆನಪದ. ಎಂಟೂವರಿಗೇ ಇಳೀತೀವಿ."

ಫೋನ್ ಬಂದ್ ಇಡೋದು ಅಕಿ ಪದ್ಧತಿ. ಲಿಂಗ ಅಂಗೈಯಾಗ ಹಿಡಿದು ಕೂತಾಗ ಒಂದು ಸಲ ಅಪ್ಪನ ಫೋನ್ ಬಂದು ಕೈ ಅಲುಗಾಡಿತ್ತಂತ, ಆಗಿನಿಂದ ಬಂದ್ ಮಾಡೇ ಕೂಡ್ತಾಳ.

ನಾ ಹಿಟ್ಟು ನಾದಾಕ ಕೂತೆ. ಒಂದು ಕೈಯಾಗ ಹಿಟ್ಟು, ಒಂದು ಕೈಯಾಗ ಫೋನ್. ಆ ಬಂಡೆ ಈಶ್ವರದ ಹಳೇ ರೀಲ್ಸ್ ತೆಗೆದು ನೋಡ್ದೆ, ಅವ್ವನ ಫೋಟೋಕ್ಕೂ ಅದಕ್ಕೂ ಹೊಂದ್ತದೇನು ಅಂತ. ಅದರ ಕೆಳಗಿನ ಕಾಮೆಂಟ್ ನಾ ಯಾವತ್ತೂ ಓದಿದ್ದಿಲ್ಲ. ಅವತ್ತು ಸುಮ್ಕ ಓದ್ದೆ. ಸೂಪರ್, ಬ್ಯೂಟಿಫುಲ್, ಲೊಕೇಶನ್ ಕಳಿಸಿ, ಇಂಥವೇ ಇದ್ವು. ನಡುವ ಯಾರೋ ಬರ್ದಿದ್ರು, "ಅಮಾವಾಸ್ಯೆ ಹುಣ್ಣಿಮೆಗೆ ಬೆಳಿಗ್ಗೆ ಏಳರ ಮೇಲೆ ಹೋಗಬೇಡಿ. ನೀರು ಬೇಗ ಬರುತ್ತದೆ. ಬಂದರೆ ದಾರಿ ಇರುವುದಿಲ್ಲ."

ಎರಡು ಸಲ ಓದ್ದೆ. ಹಿಟ್ಟಿನ ಕೈಯಿಂದಲೇ ಅವ್ವಗ ಹಚ್ಚಿದೆ. ಸ್ವಿಚ್ ಆಫ್. ಮತ್ತ ಹಚ್ಚಿದೆ. ಸ್ವಿಚ್ ಆಫ್. ಸಕ್ಕು ಕಾಕೂಗ ಹಚ್ಚಿದೆ, ರಿಂಗ್ ಆಗಿ ಆಗಿ ನಿಂತಿತು. ಆಮ್ಯಾಲ ಗೊತ್ತಾತು, ಅವರು ತಮ್ಮ ಫೋನ್ ಲಾಡ್ಜಿನಾಗೇ ಚಾರ್ಜಿಗಿ ಹಚ್ಚಿ ಬಿಟ್ಟು ಹೋಗಿದ್ರು.

"ಶೀಲಾ, ಚಾ ಆತೇನವಾ?" ಅಪ್ಪ ಪಡಸಾಲ್ಯಾಗಿಂದ ಕೇಳ್ದ. ನಮ್ಮಪ್ಪ ಜಗದೇವಪ್ಪ, ಕೆಂಪು ಬಾಳೆಹಣ್ಣಿನ ವ್ಯಾಪಾರ. ಅವತ್ತು ಸಂತಿ ದಿನ ಇತ್ತು, ಬಾಳಿಗೊನಿ ಬುಟ್ಟಿಗಿ ತುಂಬಾಕತ್ತಿದ್ದ.

"ಆಗ್ತದಪ್ಪ," ಅಂದೆ. ತಾಟು ಅಲ್ಲೇ ಬಿಟ್ಟು ಮಾಳಿಗಿ ಹತ್ತಿದೆ. ಮಾಳಿಗಿ ಮ್ಯಾಲೇ ನಮ್ಮ ಮನ್ಯಾಗ ನೆಟ್‌ವರ್ಕ್ ಸರಿ ಇರೋದು.

ತೂಬಾಗ ಹಚ್ಚಿದೆ. ನಿದ್ದಿಗಣ್ಣಿನಾಗ ಎತ್ತಿದಳು. ಹೇಳಿದ್ದೆಲ್ಲ ಕೇಳಿ ಎದ್ದು ಕೂತಳು ಅಂತ ಕಾಣ್ತದ, ಮಂಚ ಸಪ್ಪಳ ಆತು.

"ನಿಮ್ಮಪ್ಪಗ ಹೇಳಿದ್ಯಾ?"

"ಇಲ್ಲ."

"ಹೇಳು."

"ಹೇಳಿದ್ರ ನಾ ಟೂರಿಗಿ ಹೋಗಿದ್ದಿಲ್ಲ ಅನ್ನೋದೂ ಹೇಳ್ಬೇಕಾಗ್ತದ."

"ಶೀಲಾ, ನಿಂಗ ಈಗ ಅದರ ಫಿಕರ್ ಏನು. ಲಾಡ್ಜಿನ ನಂಬರ್ ಅದ ಇಲ್ಲೋ? ಮೊದಲ ಅಲ್ಲಿಗೆ ಹಚ್ಚು."

ಲಾಡ್ಜಿನ ಮಾಲಕರ ಹೆಸರು ವಿವೇಕಾನಂದ. ನಾನೇ ಫೋನ್ ಮಾಡಿ ರೂಮ್ ಬುಕ್ ಮಾಡಿದ್ದೆ. ಎರಡನೇ ಸಲ ಎತ್ತಿದ್ರು.

"ಹಾ, ಕಲಬುರಗಿ ಕಡೆಯವ್ರು, ಮೂರನೇ ರೂಮು," ಅಂದ್ರು. "ಬೆಳಿಗ್ಗೆ ಐದೂವರೆಗೆ ಬಾಗಿಲು ಬಡಿದು ನನ್ನನ್ನ ಎಬ್ಬಿಸಿ ಕೀ ಕೊಟ್ಟು ಹೋದ್ರು. ನಿಮ್ಮ ಅಮ್ಮ ಮಿಲಿಟರಿಯವ್ರಾ?"

"ಅವರು ಬಂಡೆ ಈಶ್ವರಕ್ಕ ಹೋಗ್ಯಾರ್ರಿ."

ಆ ಕಡಿ ನಗು ನಿಂತಿತು. "ಎಷ್ಟೊತ್ತಿಗೆ ದಾಟಿದ್ರು?"

"ಏಳು ಹೊಡದು ಹತ್ತು ಮಿನಿಟಿಗಿ ದಾರ್ಯಾಗಿದ್ರು."

"ಎಂತ ಕೆಲ್ಸ ಮಾಡಿದ್ರು ಮಾರಾಯ್ತಿ. ಇವತ್ತು ಅಮಾಸೆ ಅಲ್ವಾ. ಅಮಾಸೆ ಹುಣ್ಣಿಮೆಗೆ ದೊಡ್ಡ ಭರತ. ನೀರು ಇಳಿಯೋದೂ ಜಾಸ್ತಿ, ಏರೋದೂ ಜಾಸ್ತಿ. ಇಳಿದಾಗ ದಾರಿ ಅಗಲ ಕಾಣ್ತದೆ, ಹೊಸಬ್ರು ಅದನ್ನ ನೋಡಿಯೇ ಹೋಗೋದು. ಈಗ ಎಂಟಾಯ್ತು, ದಾರಿ ಮುಚ್ಚಿರ್ತದೆ."

"ಗುಡಿ ಮುಳುಗ್ತದೇನ್ರಿ?"

"ಗುಡಿ ಮುಳುಗೋದಿಲ್ಲ. ಹನ್ನೊಂದು ಹನ್ನೊಂದೂಕಾಲಿಗೆ ಪೂರ್ತಿ ಏರ್ತದೆ, ಆಗ ಕಟ್ಟೆಗೆ ಅಲೆ ಹೊಡೀತದೆ, ಅಷ್ಟೇ. ಗುಡಿ ಬಾಗಿಲಲ್ಲಿ ಕೂತ್ರೆ ಏನೂ ಆಗೋದಿಲ್ಲ. ಆದ್ರೆ ಇಳೀಬಾರ್ದು. ಪಕ್ಕದಲ್ಲೇ ಹೊಳೆ ಬಂದು ಸೇರೋ ಜಾಗ, ನೋಡ್ಲಿಕ್ಕೆ ಮೊಣಕಾಲು ನೀರು, ಸೆಳೆತ ಕಾಲನ್ನೇ ಕೀಳ್ತದೆ. ಈಜು ಬರ್ತದಾ ಅವ್ರಿಗೆ?"

ಈಜು. ನಮ್ಮವ್ವ ಬಾವಿ ಕಟ್ಟಿ ಹತ್ರ ನಿಂತ್ರ ಕಂಬ ಹಿಡ್ಕೋತಾಳ.

"ದೋಣಿ ಕಳಿಸ್ರಿ," ಅಂದೆ.

"ಈಗ ದೋಣಿ ಬಂಡೆ ಹತ್ರ ಹೋಗೋದಿಲ್ಲ, ಅಲೆ ಎತ್ತಿ ಬಂಡೆಗೆ ಹೊಡೀತದೆ. ಮಧ್ಯಾಹ್ನ ಎರಡು ಗಂಟೆ ಮೇಲೆ ನೀರು ಇಳೀತದೆ, ಆಗ ಕರ್ಕೊಂಡು ಬರ್ತೇವೆ. ಅಲ್ಲಿವರೆಗೆ ಅವ್ರು ಕೂತಲ್ಲೇ ಕೂರ್ಬೇಕು. ನಾನು ದಂಡೆಗೆ ಹೋಗಿ ಕೈ ಬೀಸ್ತೇನೆ, ಆದ್ರೆ ಈ ಗಾಳಿಗೆ ಕೂಗಿದ್ದು ಕೇಳೋದಿಲ್ಲ. ನೀವು ಫೋನಲ್ಲಿ ಹೇಳಿ."

ಫೋನ್ ಬಂದ್ ಇತ್ತು. ಎಂಟೂವರಿಗಿ ಅವ್ವ ಇಳ್ಯಾಕಿ ಇದ್ದಳು. ಯಾಕಂದ್ರ ಒಂಬತ್ತಕ್ಕ ಕಿಲ್ಲೆ ಅಂತ ನಾ ಹಸಿರು ಪೆನ್ನಿನಾಗ ಬರ್ದಿದ್ದೆ, ಕೆಳಗ ಗೆರಿ ಬ್ಯಾರೆ ಎಳದಿದ್ದೆ.

ಕೆಳಗ ಬಂದು ಅಪ್ಪಗ ಚಾ ಕೊಟ್ಟೆ. ಕೈಗಿ ಹಿಟ್ಟು ಹಂಗೇ ಮೆತ್ತಿತ್ತು. ಅಪ್ಪ ಕೈ ನೋಡ್ದ, ಮಾರಿ ನೋಡ್ದ.

"ಜ್ವರ ಬಂದಾವೇನು?"

"ಇಲ್ಲಪ್ಪ."

"ನಿಮ್ಮವ್ವ ಫೋನ್ ಹಚ್ಚಿದ್ಳೇನು?"

"ಪೂಜಾಕ ಕೂತಾಳ."

"ಹಂಗಾದ್ರ ಒಂದು ತಾಸು ಈಶ್ವರಗೂ ಬಿಡುವಿಲ್ಲ," ಅಂದು ಅಪ್ಪ ಚಾ ಕುಡದ. ನಾ ಅಲ್ಲೇ ಹೇಳಿಬಿಡ್ಬೇಕಿತ್ತು. ಬಾಯಿ ತನ ಬಂತು. ಆದ್ರ ಅಪ್ಪ ಬಾಳಿಗೊನಿಗಿ ಗೋಣಿ ಹೊಚ್ಚಾಕತ್ತಿದ್ದ, ಕೂಸಿಗಿ ಹೊದಿಕಿ ಹೊಚ್ಚಿದಂಗ, ಅಷ್ಟು ನಿಶ್ಚಿಂತಿ ಇದ್ದ. ನಂಗ ಆಗ್ಲಿಲ್ಲ. ಒಲಿ ಮ್ಯಾಲ ರೊಟ್ಟಿ ಹಾಕಿ ಮತ್ತ ಮಾಳಿಗಿಗಿ ಓಡ್ದೆ.

ಸ್ವಿಚ್ ಆಫ್. ಸ್ವಿಚ್ ಆಫ್. ಆ ಹೆಣ್ಮಗಳ ರೆಕಾರ್ಡಿನ ದನಿ ಎಷ್ಟು ಶಾಂತ ಇತ್ತಂದ್ರ ಅಕಿ ಕುತ್ತಿಗಿ ಹಿಚಕಬೇಕು ಅನಿಸಿತು. ಎಂಟೂ ಹದಿನೈದು. ಎಂಟೂ ಇಪ್ಪತ್ತು. ನಮ್ಮ ಮಾಳಿಗಿಯಿಂದ ಕಾಣೋದು ತೊಗರಿ ಹೊಲ, ಬಾಳಿ ತ್ವಾಟ, ಹೆದ್ದಾರಿ ಮ್ಯಾಲ ಹೋಗೋ ಬಸ್ಸು. ಎಲ್ಲಾ ಒಣಾ. ಇಷ್ಟು ಒಣ ನೆಲದ ಮ್ಯಾಲ ನಿಂತು ನಾ ನೀರಿಗಿ ಹೆದರಾಕತ್ತಿದ್ದೆ. ಕಣ್ಣು ಮುಚ್ಚಿದ್ರ ಅವ್ವನ ಸೀರಿ ನಿರಿಗಿ ನೀರಾಗ ತೇಲಿದಂಗ ಕಾಣ್ತಿತ್ತು, ಅದಕ್ಕ ಕಣ್ಣೇ ಮುಚ್ಚಿದ್ದಿಲ್ಲ.

ಎಂಟೂ ಮೂವತ್ತೊಂದಕ್ಕ ಫೋನ್ ಬಂತು. ಅವ್ವ.

"ಶೀಲಾ, ಪೂಜಿ ಆತು. ಭಾಳ ಚಲೋ ಆತು. ಗಾಳಿ ಅಂದ್ರ ಏನು ಗಾಳಿ, ದೀಪಾನೇ ನಿಲ್ಲವಲ್ದು."

"ಅವ್ವ, ಎಲ್ಲಿ ಇದ್ದಿ?"

"ಮೆಟ್ಟಲ ಇಳ್ಯಾಕತ್ತೀವಿ. ಫೋನಿನಾಗ ಚಾರ್ಜ್ ಇಲ್ಲ, ಕೆಂಪ ತೋರ್ಸಾಕತ್ತದ. ಕಿಲ್ಲೆಕ್ಕ ಹೋದ ಮ್ಯಾಲ..."

"ಇಳಿಬ್ಯಾಡ ಅವ್ವ. ಅಲ್ಲೇ ನಿಂದ್ರು."

"ಯಾಕ?"

"ನೀರು ಬಂದದಲ್ಲ."

"ಬಂದದ. ನೀ ಹೇಳಿದಂಗೇ ಬಂದದ. ಸಕ್ಕೂಬಾಯಿ ಹೆದರಾಕತ್ತಾಳ. ನಾ ಅಂದೆ, ನಮ್ಮ ಶೀಲಾನೂ ಹಿಂಗೇ ಮೊಣಕಾಲ ನೀರಾಗ ನಡ್ಕೊಂಡು ಬಂದಾಳ, ನಾವೇನು ಮುದುಕೇರಾ?"

"ನಾ ಮುದುಕೀನೇ ಇದ್ದೀನಿ, ಇಲ್ಲೇ ಕೂಡ್ತೀನಿ," ಹಿಂದಿನಿಂದ ಸಕ್ಕು ಕಾಕೂನ ದನಿ ಬಂತು.

"ಲಾಡ್ಜಿನವರು ಹೇಳ್ಯಾರವ್ವ, ಇಳಿಬಾರ್ದಂತ. ಸೆಳೆತ ಅದ ಅಂತ. ಎರಡು ಗಂಟಿ ತನ ಅಲ್ಲೇ ಕೂಡ್ಬೇಕಂತ."

"ಎರಡು ಗಂಟಿ ತನ? ಕಿಲ್ಲೆ, ದೀಪಸ್ತಂಭ ಎಲ್ಲಾ ಬಿಟ್ಟು? ಲಾಡ್ಜಿನವ ಮಂದಿಗಿ ಹೆದರ್ಸೋದೇ ಮಾಡ್ತಾನ. ನೀ ಖುದ್ದ ನಡ್ದು ಬಂದಾಕಿ, ನಿಂಗ ಹೆಚ್ಚು ಗೊತ್ತೋ ಅವಗ ಹೆಚ್ಚು ಗೊತ್ತೋ?"

ನೀರಿನ ಸಪ್ಪಳ ಕೇಳಿಸಿತು, ಫೋನಿಗಿ ಭಾಳ ಹತ್ರ. ಒಂದು ಕಾಲು ಇಟ್ಟಾಳ ಅನಿಸಿತು.

"ನಾ ಅಲ್ಲಿಗೆ ಹೋಗೇ ಇಲ್ಲ ಅವ್ವ."

"ಏನಂದಿ? ಗಾಳಿ ಅದ."

"ನಾ ಕೋಡಿಬಂದರಕ್ಕ ಹೋಗೇ ಇಲ್ಲ." ನಾ ಒದರಾಕತ್ತಿದ್ದೆ. "ಹೋದ ವರ್ಷ ಟೂರಿಗಿ ಹೋಗಿದ್ದಿಲ್ಲ. ತೂಬಾನ ಅಕ್ಕನ ಮದುವಿಗಿ ಹೈದರಾಬಾದಿಗಿ ಹೋಗಿದ್ದೆ. ಆ ಬಂಡೆ ನಾ ನೋಡಿಲ್ಲ. ಸಮುದ್ರನೇ ನೋಡಿಲ್ಲ. ಮೊಣಕಾಲ ನೀರು ಅಂದಿದ್ದು ಕಟ್ಟಿ ಹೇಳಿದ್ದು. ಟೈಮ್‌ಟೇಬಲ್ ಫೋನ್ ನೋಡಿ ಬರ್ದದ್ದು. ಅದು ಸುಳ್ಳು ಅದ ಅವ್ವ, ಇಳಿಬ್ಯಾಡ."

"ಈಗ ಸುಳ್ಳ ಹೇಳಾಕತ್ತಿ," ಅಂದಳು ಅವ್ವ. "ನಾ ಇಳಿಬಾರ್ದಂತ ಹಿಂಗ ಹೇಳಾಕತ್ತಿ. ಶಂಖ ತಂದಿದ್ದಿಯಲ್ಲ."

"ಅದು ಚಾರ್ಮಿನಾರ್ ಬಾಜೂಕ ತಗೊಂಡಿದ್ದು."

ಫೋನ್ ಕಟ್ ಆತು. ತಿರುಗಿ ಹಚ್ಚಿದೆ, ಸ್ವಿಚ್ ಆಫ್. ಚಾರ್ಜ್ ಮುಗದಿತ್ತು.

ಹಿಂದ ತಿರುಗಿದ್ರ ಅಪ್ಪ ಮೆಟ್ಟಲ ಮ್ಯಾಲ ನಿಂತಿದ್ದ. ಕೈಯಾಗ ಚಿಮಟಿಗಿ. ಕೆಳಗ ರೊಟ್ಟಿ ಹೊತ್ತಿ ಹೊಗಿ ಎದ್ದಿತ್ತಂತ, ಹೇಳಾಕ ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದ ಅಂತ ನಾ ಕೇಳ್ಲಿಲ್ಲ.

"ಎಲ್ಲಾ ಹೇಳು," ಅಂದ.

ಹೇಳ್ದೆ. ಬೈತಾನ, ಹೊಡೀತಾನ ಅಂದ್ಕೊಂಡೆ. ಹೊಡದಿದ್ರ ಚಲೋ ಇತ್ತು. ಅವ ಅಲ್ಲೇ ಮೆಟ್ಟಲ ಮ್ಯಾಲ ಕೂತು ಒಂದೇ ಮಾತು ಕೇಳ್ದ.

"ನಂಬಿದ್ಳೇನು?"

ಅದೇ ನಂಗ ಗೊತ್ತಿದ್ದಿಲ್ಲ. ಅದೇ ನನ್ನ ಜೀವ ಹಿಂಡಾಕತ್ತಿತ್ತು. ಒಂದು ವರ್ಷ ನಾ ಸುಳ್ಳ ಹೇಳ್ದೆ, ಅಕಿ ಖರೇ ಅಂದಳು. ಈಗ ಖರೇ ಹೇಳ್ದೆ, ಸುಳ್ಳ ಅಂದಳು. ಅಕಿ ಇಳಿದಿದ್ರ ಈಗ ನೀರಾಗ ಇರ್ತಾಳ. ಈ ನಿಮಿಷ.

ವಿವೇಕಾನಂದ ಅವರಿಗೆ ಹಚ್ಚಿದ್ರ ಎತ್ತವಲ್ರು. ತೂಬಾ ಮೆಸೇಜ್ ಮ್ಯಾಲ ಮೆಸೇಜ್ ಹಾಕಾಕತ್ತಿದ್ಳು, ದುವಾ ಮಾಡಾಕತ್ತೀನಿ, ಏನಾದ್ರೂ ಗೊತ್ತಾತೇನು, ಎಂಟೂ ನಲವತ್ತು ಆತು, ಬರಲೇನು. ನಾ ಯಾವುದಕ್ಕೂ ಉತ್ತರ ಕೊಡ್ಲಿಲ್ಲ, ಬ್ಯಾರೆ ಫೋನ್ ಬಂದಾಗ ಲೈನ್ ಬಿಜಿ ಇರಬಾರ್ದಂತ. ಸಂತಿಗಿ ಬಾಳಿಹಣ್ಣು ಒಯ್ಯಾಕ ಟಂಟಂ ಬಂದು ಬಾಗಿಲಾಗ ಹಾರ್ನ್ ಹೊಡದು ಹೊಡದು ಹೋತು. ಅಪ್ಪ ಎದ್ದು ನೋಡ್ಲಿಲ್ಲ.

ಒಂಬತ್ತು ಆತು. ಅಪ್ಪ ಗಡಿಯಾರ ನೋಡ್ದ, ನಾನೂ ನೋಡ್ದೆ. ಒಂಬತ್ತಕ್ಕ ಕಿಲ್ಲೆ.

ಒಂಬತ್ತೂ ಹತ್ತಕ್ಕ ವಿವೇಕಾನಂದ ಅವರೇ ಹಚ್ಚಿದ್ರು. ದಂಡ್ಯಾಗಿದ್ರು, ಗಾಳಿಗಿ ಅರ್ಧ ಮಾತು ಹಾರಿ ಹೋಗ್ತಿತ್ತು. ನಾ ಸ್ಪೀಕರಿಗಿ ಹಾಕ್ದೆ.

"ಕಾಣ್ತಾರೆ," ಅಂದ್ರು. "ಮೇಲಿನ ಮೆಟ್ಟಿಲಲ್ಲಿ ಒಬ್ರು ಕೂತಿದ್ದಾರೆ."

"ಒಬ್ಬರೇ?"

"ಒಬ್ರೇ ಕಾಣ್ತಿರೋದು. ಬಿಳಿ ಸೀರೆ ಅನ್ನಿಸ್ತದೆ."

ಬಿಳೀದು ಸಕ್ಕು ಕಾಕೂದು, ಸಣ್ಣ ನೀಲಿ ಹೂವಿನದ್ದು. ಅವ್ವ ಹಳದಿ ಇಳಕಲ್ ಉಟ್ಟಿದ್ಳು. ಮುಂಜಾನಿ ಫೋಟೋದಾಗ ನೋಡಿದ್ದೆ.

ಅಪ್ಪ ನನ್ನ ಕೈಯಿಂದ ಫೋನ್ ತಗೊಂಡ. "ಸಾಹೇಬ್ರ, ಹಳದಿ ಸೀರಿ ನೋಡ್ರಿ. ಎಲ್ಲಾದ್ರೂ ಕಾಣ್ತದೇನ್ರಿ, ನೀರಾಗ, ದಂಡ್ಯಾಗ," ಅಂದ. ನಮ್ಮಪ್ಪನ ದನಿ ಅಷ್ಟು ಸಣ್ಣದಾಗಿ ನಾ ಯಾವತ್ತೂ ಕೇಳಿದ್ದಿಲ್ಲ.

"ನೋಡ್ತೇನೆ, ನೋಡ್ತೇನೆ. ನನ್ನ ಭಾವ ದೀಪಸ್ತಂಭದ ಮೇಲಿದ್ದಾನೆ, ಅಲ್ಲಿಂದ ಚೆನ್ನಾಗಿ ಕಾಣ್ತದೆ. ಕೇಳಿ ಹೇಳ್ತೇನೆ."

ಆಮ್ಯಾಲಿನ ಇಪ್ಪತ್ತು ಮಿನಿಟು ಹ್ಯಾಂಗ ಹೋದ್ವು ಅಂತ ನಂಗ ಬರ್ಯಾಕ ಬರಂಗಿಲ್ಲ. ನಾ ಮಾಳಿಗಿ ಗ್ವಾಡಿಗಿ ಹಣಿ ಹಚ್ಚಿ ನಿಂತಿದ್ದೆ. ಬಿಸಲಿಗಿ ಗ್ವಾಡಿ ಕಾದಿತ್ತು. ಅಪ್ಪ ಒಂದು ಸಲ ಬಾಯಿ ತೆರೆದ, "ಅಕಿ ಮಾತು ಕೇಳ್ತಾಳ, ಅಕಿ ಮಾತು ಕೇಳ್ತಾಳ," ಅಂದ. ನನ್ನ ಮಾತೇ ಕೇಳ್ತಾಳ ಅನ್ನೋದೇ ನನ್ನ ಹೆದರಿಕಿ ಇತ್ತು. ಯಾವ ಮಾತು ಕೇಳ್ಯಾಳ, ಮೊದಲಿಂದೋ, ಕಡೀದೋ.

ಫೋನ್ ಬಂತು.

"ಇದ್ದಾರೆ," ಅಂದ್ರು ವಿವೇಕಾನಂದ. "ಇಬ್ರೂ ಇದ್ದಾರೆ. ಹಳದಿ ಸೀರೆಯವ್ರು ಗುಡಿ ಹಿಂದಿನ ಕಟ್ಟೆಯಲ್ಲಿ ಕೂತಿದ್ರು, ಈ ಕಡೆಗೆ ಕಾಣ್ಲಿಲ್ಲ. ಭಾವ ನೋಡಿದ. ಅವನು ಟವೆಲ್ ಬೀಸಿದ್ದಕ್ಕೆ ಬಿಳಿ ಸೀರೆಯವ್ರು ಸೆರಗು ಬೀಸಿದ್ರಂತೆ. ಈಗ ಹೆದರ್ಬೇಡಿ."

ಅಪ್ಪ ಫೋನ್ ನನ್ನ ಕೈಗಿ ಕೊಟ್ಟು ಕೆಳಗ ಹೋದ. ಬಚ್ಚಲಾಗ ನೀರು ಸುರವಿಕೊಂಡ ಸಪ್ಪಳ ಭಾಳ ಹೊತ್ತು ಬಂತು.

ಹೆದರಿಕಿ ಅಷ್ಟಕ್ಕೇ ಹೋಗ್ಲಿಲ್ಲ. ಹನ್ನೊಂದೂಕಾಲ ತನ ನೀರು ಏರೇ ಏರ್ತದ ಅಂತ ಗೊತ್ತಿತ್ತಲ್ಲ. ಹತ್ತೂವರಿಗಿ ಅಲೆ ಕಟ್ಟಿಗಿ ಹೊಡ್ಯಾಕತ್ತದ ಅಂದ್ರು. ಹನ್ನೊಂದಕ್ಕ ಇಬ್ಬರೂ ಗುಡಿ ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತಾರ ಅಂದ್ರು. ಅಪ್ಪ ಊಟ ಮಾಡ್ಲಿಲ್ಲ, ನಾ ಕೇಳ್ಲಿಲ್ಲ. ಹನ್ನೆರಡಕ್ಕ ನೀರು ಜರಾ ತಗ್ಗೇದ ಅಂದ್ರು. ಎರಡೂ ಇಪ್ಪತ್ತಕ್ಕ ದೋಣಿ ಹೋತು. ಮೂರಕ್ಕ ವಿವೇಕಾನಂದ ಅವರ ಫೋನಿನಿಂದ ಅವ್ವ ಮಾತಾಡಿದಳು. ಅಪ್ಪನ ಜೋಡಿ.

"ಹೂಂ. ಅರಾಮ ಇದ್ದೀವಿ. ಸೀರಿ ಒದ್ದಿ ಆಗ್ಯಾವ, ಅಷ್ಟೇ. ಇವತ್ತೇ ಬಸ್ ಹತ್ತತೀವಿ."

ಅಪ್ಪ ಫೋನ್ ನನ್ನ ಕಡಿ ಚಾಚ್ದ. ನಾ ಅವ್ವ ಅನ್ನೋದ್ರಾಗ ಫೋನ್ ಇಟ್ಟಿದ್ಳು.

"ನಾಳಿ ಕಲಬುರಗಿ ಸ್ಟ್ಯಾಂಡಿಗಿ ನೀನೇ ಹೋಗಿ ಕರ್ಕೊಂಡು ಬಾ," ಅಂದ ಅಪ್ಪ. ಅಷ್ಟೇ ಅಂದ.

ಮರುದಿನ ಒಂಬತ್ತಕ್ಕೇ ಸ್ಟ್ಯಾಂಡಿನಾಗ ಇದ್ದೆ. ಹಿಂದಿನ ದಿನದ ಹೆದರಿಕಿ ನೀರಿಂದು, ಇದು ಬ್ಯಾರೆ. ಹುಬ್ಬಳ್ಳಿ ಬಸ್ಸು ಬಂದು ನಿಂತಿತು. ಮೊದಲು ಸಕ್ಕು ಕಾಕು ಇಳದ್ರು, ಮೊಣಕಾಲ ಹಿಡ್ಕೊಂಡು, ಬಾಯಿ ಬಿಚ್ಚಿಕೊಂಡೇ.

"ಬಂದ್ಯಾ ನಮ್ಮ ಗೈಡು? ನಿಮ್ಮವ್ವ ಒಂದು ಕಾಲ ನೀರಾಗ ಇಟ್ಟಿದ್ಳು ಶೀಲಾ. ತೊಡಿ ತನ ಬಂದಿತ್ತು ನೀರು, ಮೊಣಕಾಲ ಎಲ್ಲಿದು. ಫೋನ್ ಬಂದ್ ಆದ ಮ್ಯಾಲೂ ಕಿವಿಗಿ ಹಿಡ್ಕೊಂಡೇ ನಿಂತಳು. ಆಮ್ಯಾಲ ಕಾಲು ತೆಗದು ಮ್ಯಾಲ ಬಂದು, ಗುಡಿ ಹಿಂದ ಹೋಗಿ ಕೂತಳು. ನಾ ಏನಾತು ಅಂದ್ರ ಮಾತೇ ಇಲ್ಲ. ಹನ್ನೊಂದಕ್ಕ ಅಲೆ ಬಂದು ಮಾರಿಗಿ ಹೊಡಿತು, ಆಗೂ ಮಾತಿಲ್ಲ. ದೇವರಾಣಿ, ನಾ ಅಲೆಕ್ಕಿಂತ ಇಕಿಗೇ ಹೆದರಿದ್ದೆ."

ಅವ್ವ ಹಿಂದಿನಿಂದ ಇಳದಳು. ಉಪ್ಪು ಒಣಗಿ ಇಳಕಲ್ ಸೀರಿ ಅಂಚು ಬೆಳ್ಳಗ ಆಗಿತ್ತು. ಕಣ್ಣು ಕೆಂಪಗ. ನಾ ಬ್ಯಾಗ್ ತಗೊಳ್ಳಾಕ ಕೈ ಚಾಚಿದೆ, ಕೊಟ್ಟಳು. ಬೈಲಿಲ್ಲ. ನಾ ಅಳಾಕತ್ತಿದ್ದೆ, ಸೆರಗಿನಿಂದ ನನ್ನ ಮಾರಿ ಒರಸಿದಳು, ಸಣ್ಣಾಕಿ ಇದ್ದಾಗ ಒರಸಿದಂಗ ಜರಾ ಜೋರಾಗೇ.

"ಊಟ ಮಾಡಿದಿ?" ಅಂದಳು.

"ಇಲ್ಲ."

"ಮನಿಗಿ ಹೋಗಿ ಮಾಡೋಣ. ಕಮಲಾಪುರದ ಬಸ್ಸು ಎಷ್ಟಕ್ಕದ?"

"ಹತ್ತೂ ಇಪ್ಪತ್ತಕ್ಕ ಅವ್ವ. ಈಗ ನೋಡಿ ಬಂದೀನಿ."

"ಹೂಂ," ಅಂದಳು.

ನಮ್ಮಿಬ್ಬರನ್ನ ಬೆಂಚಿನ ಮ್ಯಾಲ ಕೂಡಿಸಿ, ಮಂದ್ಯಾಗ ದಾರಿ ಮಾಡ್ಕೊಂತ ವಿಚಾರಣಿ ಕಿಟಕಿಗಿ ಹೋದಳು. ಒಳಗಿನವಗ ಏನೋ ಕೇಳಿದಳು. ಅವ ತಲಿ ಎತ್ತದೇ ಹೇಳ್ದ. ಇನ್ನೊಂದು ಸಲ ಕೇಳಿದಳು, ಅವ ಮತ್ತ ಹೇಳ್ದ. ತಿರುಗಿ ಬಂದು ನಡುವ ಕೂತಳು.

"ಹತ್ತೂ ಇಪ್ಪತ್ತಂತ," ಅಂತ ಸಕ್ಕು ಕಾಕೂಗ ಹೇಳಿದಳು.